ಮರೆತವರ ಜೊತೆಯಲ್ಲಿ

ನಮ್ಮ ಕಡೆ ತಾಯಿ ಮಗನನ್ನು ‘ನೀವು’ ಎನ್ನುವ ಪದ್ಧತಿ ಇಲ್ಲ. ಮಗ ಎಷ್ಟೇ ದೊಡ್ಡ ಅಧಿಕಾರದಲ್ಲಿರಲಿ, ತಲೆ ನರೆತು ಮೊಮ್ಮಕ್ಕಳನ್ನು ಕಂಡಿರಲಿ, ತಾಯಿಗೆ ಅವನು ‘ನೀನು’. ಆ ಏಕವಚನದ ಸಲುಗೆಯನ್ನು ಬಹುವಚನದ ಯಾವ ಗೌರವವೂ ತುಂಬಿಕೊಡಲಾರದು. ಆದ್ದರಿಂದಲೇ, ಸುಮಾರು ಹತ್ತು ವರ್ಷಗಳ ಹಿಂದೆ, ಪುಷ್ಯಮಾಸದ ಒಂದು ಬೆಳಿಗ್ಗೆ ಮನೆಯ ಜಗಲಿಯ ಮೇಲೆ ಕೇಳಿದ ಒಂದು ಸಾಮಾನ್ಯವಾದ ಮಾತು ಇಂದಿಗೂ ನನ್ನ ಕಿವಿಯಲ್ಲಿ ಉಳಿದಿದೆ. ನಮ್ಮ ತಾಯಿ ಮೊರದಲ್ಲಿ ಅವರೆಕಾಯಿ ಹರವಿಕೊಂಡು ಸುಲಿಯುತ್ತಿದ್ದರು. ನಾನು ಪೇಟೆಯಿಂದ ಬಂದು, ಚಪ್ಪಲಿ ಬಿಟ್ಟು, ಎದುರಿಗೆ ನಿಂತೆ. ಅವರು ತಲೆಯೆತ್ತಿ ನೋಡಿದರು, ಅತಿಥಿಯನ್ನು ಕಂಡಾಗ ತಂದುಕೊಳ್ಳುವ ಮುಗುಳ್ನಗೆಯನ್ನು ತಂದುಕೊಂಡರು, “ಬನ್ನಿ, ಕೂತುಕೊಳ್ಳಿ. ನೀವು ಯಾರ ಮನೆಯವರು? ಕಾಫಿ ಆಯಿತೆ?” ಎಂದರು.

ಕೈ ಮಾತ್ರ ನಿಲ್ಲಲಿಲ್ಲ. ಹುಳು ಬಿದ್ದ ಕಾಯಿ ಯಾವುದು, ಎಳೆಯದು ಯಾವುದು ಎಂಬುದನ್ನು ಬೆರಳುಗಳು ಮರೆತಿರಲಿಲ್ಲ. ಮನೆಗೆ ಬಂದವರನ್ನು ನಿಲ್ಲಿಸಿ ಮಾತನಾಡಿಸಬಾರದೆಂಬ ಮರ್ಯಾದೆಯನ್ನು ಮನಸ್ಸು ಮರೆತಿರಲಿಲ್ಲ. ಮಗನನ್ನು ಮಾತ್ರ ಮರೆತಿತ್ತು. ಮರುಗಳಿಗೆಯಲ್ಲಿ ಅವರಿಗೆ ಗುರುತು ಹತ್ತಿತು. “ಬಿಸಿಲಿಗೆ ಕಣ್ಣು ಕಾಣಲಿಲ್ಲ ಕಣೋ” ಎಂದು ನಕ್ಕುಬಿಟ್ಟರು. ನಾನೂ ನಕ್ಕೆ. ಆ ನಗೆಯ ಮರೆಯಲ್ಲಿ ಇಬ್ಬರೂ ಒಬ್ಬರಿಂದೊಬ್ಬರು ಏನನ್ನೋ ಮುಚ್ಚಿಟ್ಟೆವೆಂದು ಈಗ ತೋರುತ್ತದೆ. ಹಾಗೆ ಮುಚ್ಚಿಟ್ಟದ್ದನ್ನೂ, ಮುಂದೆ ಅದನ್ನು ಬಿಚ್ಚಿ ನೋಡಲೇಬೇಕಾಗಿ ಬಂದಾಗ ಕಲಿತ ಕೆಲವು ಸಂಗತಿಗಳನ್ನೂ ವಾಚಕರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ. ಮುಪ್ಪು ಕಾಲಿಡದ ಮನೆಯಿಲ್ಲವಾದ್ದರಿಂದ ಇದು ನನ್ನೊಬ್ಬನ ಕಥೆಯಾಗಿರಲಾರದು.

ಒಂದು ಗಾದೆಯ ಗುಣದೋಷ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಅದರಲ್ಲಿ ಗೇಲಿಯಿದೆ, ಆದರೆ ಕ್ರೌರ್ಯವಿಲ್ಲ. ವಯಸ್ಸಾದವರು ಏನಾದರೂ ತಪ್ಪಿ ಆಡಿದರೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿರೆಂದು ಕಿರಿಯರಿಗೆ ಹೇಳುವ ಕ್ಷಮೆಯ ಮಾತು ಅದು. ಹಳೆಯ ತುಂಬಿದ ಮನೆಗಳಲ್ಲಿ ಇಂಥ ಅಜ್ಜ ಅಜ್ಜಿಯರಿಗೆ ನಡುಮನೆಯ ಒಂದು ಕಂಬ, ಕಂಬದ ಬುಡದಲ್ಲಿ ಒಂದು ಚಾಪೆ ಖಾಯಂ ಆಗಿ ಇರುತ್ತಿತ್ತು. ಅವರು ಹೇಳಿದ್ದನ್ನೇ ಹೇಳಿದರೆ ಕೇಳಲು ಹತ್ತು ಮಕ್ಕಳಿದ್ದರು. ಒಬ್ಬರಿಗೆ ಬೇಸರವಾದರೆ ಇನ್ನೊಬ್ಬರಿಗೆ ಅದು ಹೊಸ ಕಥೆ. ಬೇಂದ್ರೆಯವರಂತೂ ಅರವತ್ತು ದಾಟಿದ ಮೇಲೆ ತಮ್ಮ ಕವನಸಂಗ್ರಹಕ್ಕೆ ಇದೇ ಮಾತನ್ನು ಹೆಸರಾಗಿಟ್ಟರು. ಅದಕ್ಕೆ ೧೯೫೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಹೂ ಅರಳುವುದೂ ಮತ್ತೆ ಮರಳುವುದೂ ಆ ಹೆಸರಿನೊಳಗೆ ಕೇಳಿಸುವಂತೆ ಮಾಡಿ, ಗೇಲಿಯ ಮಾತಿಗೇ ಅವರು ಹೊಸ ಚಿಗುರು ತರಿಸಿದರು.

ಆದರೆ ಇದೇ ಗಾದೆ ನಮ್ಮ ಮನೆಗೆ ಒಂದು ಅಪಕಾರವನ್ನೂ ಮಾಡಿತು. ಸಾರಿಗೆ ಎರಡು ಸಲ ಉಪ್ಪು ಬಿದ್ದಾಗ ‘ವಯಸ್ಸಾಯಿತು’ ಎಂದೆವು. ಹಾಲಿನವನ ಲೆಕ್ಕವನ್ನು ಮೂವತ್ತು ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದವರು ಒಂದು ತಿಂಗಳು ಎರಡು ಬಾರಿ ದುಡ್ಡು ಕೊಟ್ಟಾಗ ‘ಹೋಗಲಿ ಬಿಡು’ ಎಂದೆವು. ಎರಡು ಬೀದಿಯಾಚೆಯ ದೇವಸ್ಥಾನದಿಂದ ಮನೆಗೆ ದಾರಿ ತಿಳಿಯದೆ ಹೂವಿನವಳ ಅಂಗಡಿಯ ಮುಂದೆ ಕುಳಿತುಬಿಟ್ಟ ದಿನವೂ ಅದೇ ಗಾದೆ ನಮ್ಮ ನೆರವಿಗೆ ಬಂತು. ಹೀಗೆ ಎರಡು ವರ್ಷ ಕಳೆದವು. ಗಾದೆ ಕ್ಷಮಿಸುವುದನ್ನು ಕಲಿಸಿತ್ತು, ವಿಚಾರಿಸುವುದನ್ನು ಕಲಿಸಿರಲಿಲ್ಲ.

ಮುಪ್ಪಿನ ಸಹಜವಾದ ಮರೆವು ಬೇರೆ, ರೋಗದ ಮರೆವು ಬೇರೆ. ಮದುವೆಮನೆಯಲ್ಲಿ ಕಂಡವರ ಹೆಸರು ನಾಲಿಗೆಯ ತುದಿಗೆ ಬಂದು ನಿಂತು, ರಾತ್ರಿ ಮಲಗಿದಾಗ ತಾನಾಗಿ ಹೊಳೆದರೆ ಅದು ಸಹಜ. ಮದುವೆಗೆ ಹೋಗಿದ್ದೆವೆಂಬುದೇ ಮರುದಿನ ನೆನಪಿಲ್ಲದಿದ್ದರೆ, ಐವತ್ತು ವರ್ಷ ಮಾಡಿದ ಅಡುಗೆಯಲ್ಲಿ ಮೊದಲು ಒಗ್ಗರಣೆಯೋ ಬೇಳೆಯೋ ಎಂದು ಕೈ ತಡವರಿಸಿದರೆ, ಮೆತ್ತನೆಯ ಸ್ವಭಾವದವರು ಕಾರಣವಿಲ್ಲದೆ ಸಂಶಯಪಡತೊಡಗಿದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬಾರದು. ಹಾಗೆ ಕಾಣುವುದೆಲ್ಲ ವಾಸಿಯಾಗದ ರೋಗವೂ ಅಲ್ಲ. ಥೈರಾಯ್ಡ್ ಗ್ರಂಥಿಯ ದೋಷ, ಬಿ-೧೨ ಜೀವಸತ್ವದ ಕೊರತೆ, ಖಿನ್ನತೆ, ಕೆಲವು ಔಷಧಗಳ ದುಷ್ಪರಿಣಾಮ, ಯಾವಾಗಲೋ ಬಿದ್ದ ಪೆಟ್ಟಿನಿಂದ ತಲೆಯೊಳಗೆ ನಿಧಾನವಾಗಿ ಸೇರಿದ ರಕ್ತ ಇವುಗಳಿಂದಲೂ ಬುದ್ಧಿ ಮಂಕಾಗುತ್ತದೆ, ಇವುಗಳಿಗೆ ಚಿಕಿತ್ಸೆಯುಂಟು. ನೆಟ್ಟಗಿದ್ದವರು ಎರಡು ಮೂರು ದಿನಗಳಲ್ಲೇ ದಿಕ್ಕುತಪ್ಪಿ ಮಾತನಾಡತೊಡಗಿದರೆ ಮೂತ್ರದ ಸೋಂಕಿನಂಥ ಕಾರಣವೂ ಇರಬಹುದು. ವೈದ್ಯರ ಬಳಿಗೆ ಬೇಗ ಹೋಗಬೇಕೆನ್ನುವುದಕ್ಕೆ ಇದಿಷ್ಟೇ ಕಾರಣ ಸಾಕು.

ಫ್ರಾಂಕ್‌ಫರ್ಟಿನ ಹೆಂಗಸು

ನಮ್ಮ ತಾಯಿಗೆ ಬಂದದ್ದು ಅಲ್ಝೈಮರ್ ಎಂದು ವೈದ್ಯರು ಹೇಳಿದರು. ಆ ಹೆಸರಿನ ಹಿಂದೆ ಒಬ್ಬ ವೈದ್ಯನ ಕಥೆಯಿದೆ. ಒಬ್ಬ ಹೆಂಗಸಿನ ಕಥೆಯೂ ಇದೆ. ೧೯೦೧ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಔಗುಸ್ಟ ಡೇಟರ್ ಎಂಬ ಐವತ್ತೊಂದು ವರ್ಷದ ಗೃಹಿಣಿಯನ್ನು ಸೇರಿಸಿದರು. ಅಲೋಯಿಸ್ ಅಲ್ಝೈಮರ್ ಎಂಬ ವೈದ್ಯ ಆಕೆಯ ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಿ, ಉತ್ತರವನ್ನು ಹೇಳಿದ್ದು ಹೇಳಿದಂತೆ ಬರೆದುಕೊಂಡ. ಹೆಸರೇನೆಂದರೆ ಔಗುಸ್ಟ ಎಂದಳು. ಗಂಡನ ಹೆಸರೇನೆಂದರೆ ಅದಕ್ಕೂ ಔಗುಸ್ಟ ಎಂದಳು. ತಟ್ಟೆಯಲ್ಲಿದ್ದ ಹೂಕೋಸನ್ನು ತಿನ್ನುತ್ತ ಅದನ್ನು ಬಸಳೆಯಂಥ ಒಂದು ಸೊಪ್ಪೆಂದಳು. ಹೆಸರು ಬರೆಯಲು ಹೇಳಿದಾಗ ‘ಶ್ರೀಮತಿ’ ಎಂಬ ಅರ್ಥದ ಮೊದಲ ಪದವನ್ನಷ್ಟೇ ಬರೆದು, ಮುಂದಿನದನ್ನು ಮರೆತು ನಿಂತಳು. ತನ್ನನ್ನು ತಾನೇ ಕಳೆದುಕೊಂಡೆನೆಂಬ ಅರ್ಥದ ಮಾತನ್ನು ಆಕೆ ಆಡಿದಳೆಂದು ಹೇಳುತ್ತಾರೆ. ಈ ರೋಗವನ್ನು ಕುರಿತು ಆಮೇಲೆ ಬರೆದ ದೊಡ್ಡ ದೊಡ್ಡ ಗ್ರಂಥಗಳಲ್ಲಿ ಇದಕ್ಕಿಂತ ಸ್ಪಷ್ಟವಾದ ವಿವರಣೆ ಸಿಗುವುದು ಕಷ್ಟ.

೧೯೦೬ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡಳು. ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಅಲ್ಝೈಮರ್, ನರಕೋಶಗಳ ನಡುವೆ ಕಟ್ಟಿದ ಗಸಿಯನ್ನೂ ಕೋಶಗಳೊಳಗೆ ಗಂಟುಬಿದ್ದ ಎಳೆಗಳನ್ನೂ ಕಂಡು, ಅದೇ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗನ್ನಿನ ವೈದ್ಯಸಭೆಯಲ್ಲಿ ವರದಿ ಓದಿದ. ಸಭೆಯಲ್ಲಿ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ೧೯೧೦ರಲ್ಲಿ ಅವನ ಹಿರಿಯ ಸಹೋದ್ಯೋಗಿ ಎಮಿಲ್ ಕ್ರೇಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ಆ ರೋಗಕ್ಕೆ ಅಲ್ಝೈಮರನ ಹೆಸರಿಟ್ಟ. ಔಗುಸ್ಟಳ ಚಿಕಿತ್ಸೆಯ ಕಡತ ಎಲ್ಲೋ ಕಳೆದುಹೋಗಿ, ೧೯೯೫ರಲ್ಲಿ ಫ್ರಾಂಕ್‌ಫರ್ಟಿನಲ್ಲಿಯೇ ಮತ್ತೆ ದೊರೆಯಿತು. ಮರೆವಿನ ರೋಗದ ಮೊದಲ ದಾಖಲೆಯನ್ನು ಲೋಕವೇ ಬಹುಕಾಲ ಮರೆತಿತ್ತೆಂದ ಮೇಲೆ, ಮನೆಯ ಮುದುಕರನ್ನು ನಾವು ಹಾಸ್ಯಮಾಡುವುದು ಸಲ್ಲದು.

ಮಿದುಳಿನಲ್ಲಿ ಕಡಲಕುದುರೆಯ ಆಕಾರದ ಒಂದು ಪುಟ್ಟ ಭಾಗವುಂಟು. ಇಂದಿನ ಅನುಭವವನ್ನು ನಾಳೆಗೆ ಉಳಿಯುವ ನೆನಪನ್ನಾಗಿ ಮಾಡುವ ಕೆಲಸ ಅದರದು. ರೋಗ ಸಾಮಾನ್ಯವಾಗಿ ಮೊದಲು ಹಿಡಿಯುವುದು ಅದನ್ನೂ ಅದರ ನೆರೆಹೊರೆಯನ್ನೂ. ಆದ್ದರಿಂದಲೇ ಬೆಳಿಗ್ಗೆ ಏನು ತಿಂದೆನೆಂಬುದು ಮಧ್ಯಾಹ್ನಕ್ಕೆ ಅಳಿಸಿಹೋಗುತ್ತದೆ. ಅರವತ್ತು ವರ್ಷದ ಹಿಂದೆ ತವರಿನ ಹಿತ್ತಲಲ್ಲಿದ್ದ ಸಂಪಿಗೆಯ ಮರ ಎಲೆ ಎಲೆಯಾಗಿ ಉಳಿದಿರುತ್ತದೆ. ಪಾಯ ಗಟ್ಟಿಯಾಗಿಯೇ ಇದ್ದು ಮೇಲಿನ ಹೆಂಚು ಒಂದೊಂದಾಗಿ ಹಾರಿಹೋಗುವ ಹಳೆಯ ಮನೆಯ ಹಾಗೆ. ರಕ್ತನಾಳಗಳು ಕೆಟ್ಟು ಬರುವ ಮರೆವು ಮೊದಲಾಗಿ ಇತರ ಬಗೆಗಳೂ ಇವೆ. ಎಲ್ಲಕ್ಕೂ ಸೇರಿ ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ. ೨೦೨೩ರಲ್ಲಿ ಪ್ರಕಟವಾದ ಒಂದು ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದ ನೂರು ಮಂದಿಯಲ್ಲಿ ಏಳಕ್ಕಿಂತ ಹೆಚ್ಚು ಜನರಿಗೆ, ಒಟ್ಟು ಸುಮಾರು ೮೮ ಲಕ್ಷ ಜನರಿಗೆ, ಈ ಸ್ಥಿತಿಯುಂಟು. ಇದನ್ನು ಪೂರ್ತಿಯಾಗಿ ವಾಸಿಮಾಡುವ ಮದ್ದು ಇನ್ನೂ ಬಂದಿಲ್ಲ. ಇರುವ ಮದ್ದುಗಳು ಕೆಲವರಿಗೆ ಕೆಲಕಾಲ ಅಲ್ಪಸ್ವಲ್ಪ ನೆರವಾಗುತ್ತವೆ. ಆದರೆ ಕಿರಿಯರು ತಿಳಿಯಬೇಕಾದ ಸಂಗತಿಯೊಂದಿದೆ: ೨೦೨೪ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞಮಂಡಲಿ, ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಕಿವುಡು, ಧೂಮಪಾನ, ಒಂಟಿತನ, ಬಾಲ್ಯದಲ್ಲಿ ವಿದ್ಯೆಯ ಕೊರತೆ ಮುಂತಾದ ಹದಿನಾಲ್ಕು ಕಾರಣಗಳನ್ನು ಹೇಳಿ, ಅವನ್ನು ಕಾಲಕ್ಕೆ ಸರಿಯಾಗಿ ನೋಡಿಕೊಂಡರೆ ಲೋಕದ ಒಟ್ಟು ಪ್ರಕರಣಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟನ್ನು ತಡೆಯಲೋ ಮುಂದೂಡಲೋ ಸಾಧ್ಯವೆಂದಿದೆ. ಕಿವಿ ಕೇಳಿಸದ ಅಜ್ಜನಿಗೆ ಶ್ರವಣಯಂತ್ರ ಕೊಡಿಸುವುದೂ ಒಂದು ರಕ್ಷಣೆಯೇ.

ಕೈಯೊಳಗಿನ ಸೂಜಿ

ನಾನು ಕಲಿತ ಎಲ್ಲ ಪಾಠಗಳಿಗೂ ಮೂಲವಾದ ಒಂದು ಪ್ರಯೋಗವನ್ನು ಇಲ್ಲಿ ಹೇಳಬೇಕು. ಅದನ್ನು ೧೯೧೧ರಲ್ಲಿ ಪ್ರಕಟಿಸಿದವನು ಜಿನೀವಾದ ಮನಶ್ಶಾಸ್ತ್ರಜ್ಞ ಎಡುವಾರ್ಡ್ ಕ್ಲಾಪರೇಡ್. ಅಲ್ಲಿನ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸಿದ್ದಳು. ಆಕೆಯದು ಅಲ್ಝೈಮರ್ ಅಲ್ಲ, ಬೇರೊಂದು ಬಗೆಯ ಮರೆವು. ಹೊಸ ಸಂಗತಿ ಯಾವುದೂ ನಿಲ್ಲುತ್ತಿರಲಿಲ್ಲ. ದಿನಾ ಕಾಣುವ ವೈದ್ಯನೂ ಆಕೆಗೆ ದಿನಾ ಹೊಸಬನೇ. ಒಂದು ದಿನ ಕ್ಲಾಪರೇಡ್ ಬೆರಳುಗಳ ನಡುವೆ ಸೂಜಿಯೊಂದನ್ನು ಮರೆಸಿಟ್ಟುಕೊಂಡು ಆಕೆಯ ಕೈ ಹಿಡಿದ. ಸೂಜಿ ಚುಚ್ಚಿತು. ಕ್ಷಣ ಕಳೆದ ಮೇಲೆ ಆಕೆಗೆ ಅದರ ನೆನಪಿರಲಿಲ್ಲ. ಆದರೆ ಅವನು ಮತ್ತೆ ಕೈ ಚಾಚಿದಾಗ ಆಕೆ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಯಾಕೆಂದು ಕೇಳಿದರೆ ಸರಿಯಾದ ಕಾರಣ ಹೇಳಲಾರಳು. ಕೈಯಲ್ಲಿ ಕೆಲವೊಮ್ಮೆ ಸೂಜಿ ಇರುವುದುಂಟಲ್ಲ, ಎಂಬಂತೆ ಏನೋ ಅಂದಳು.

ಪ್ರಯೋಗವೇನೋ ನಿರ್ದಯವಾದದ್ದು. ಆದರೆ ಅದು ತೋರಿಸಿಕೊಟ್ಟದ್ದನ್ನು ಮುಂದಿನವರು ಬೇರೆ ರೀತಿಗಳಿಂದ ಸಮರ್ಥಿಸಿದ್ದಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಝೈಮರ್ ಇರುವವರಿಗೆ ದುಃಖದ ಮತ್ತು ಸಂತೋಷದ ಚಿತ್ರಗಳ ತುಣುಕುಗಳನ್ನು ತೋರಿಸಿ, ೨೦೧೪ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ನೋಡಿದ ಕಥೆ ಸ್ವಲ್ಪ ಹೊತ್ತಿನಲ್ಲೇ ಮರೆತುಹೋಗಿತ್ತು. ಕಥೆ ಎಬ್ಬಿಸಿದ ಭಾವ ಉಳಿದಿತ್ತು. ಸಂಗತಿ ಹೋಗುತ್ತದೆ, ಅದರ ನೋವು ನಿಲ್ಲುತ್ತದೆ. ಕಾರಣ ತಿಳಿಯದ ನೋವಾದ್ದರಿಂದ ಅದಕ್ಕೆ ಸಮಾಧಾನವನ್ನು ಹೇಳಿಕೊಳ್ಳುವ ದಾರಿಯೂ ಅವರಿಗಿಲ್ಲ. ‘ಹೇಗಿದ್ದರೂ ಮರೆತುಬಿಡುತ್ತಾರೆ, ಏನಂದರೇನು?’ ಎಂದು ನಾವು ಬಿರುಸಾಗಿ ಆಡುವ ಪ್ರತಿಯೊಂದು ಮಾತೂ ಕೈಯೊಳಗಿನ ಸೂಜಿಯೇ. ಆ ಮರೆವು ನಮಗೆ ರಿಯಾಯಿತಿಯಲ್ಲ. ಹಾಗೆಯೇ ‘ಬಂದು ಹೋದದ್ದು ಅವರಿಗೆ ನೆನಪೇ ಇರುವುದಿಲ್ಲ, ಹೋಗಿ ಪ್ರಯೋಜನವೇನು?’ ಎಂದು ನೋಡಲು ಬಾರದೆ ಉಳಿಯುವ ನೆಂಟರ ಲೆಕ್ಕವೂ ತಪ್ಪು. ನೀವು ಬಂದದ್ದನ್ನು ಅವರು ಮರೆತಾರು. ನೀವು ಬಂದು ಹೋದ ಸಂಜೆ ಮಾತ್ರ ಬೇರೆಯಾಗಿಯೇ ಇರುತ್ತದೆ.

ಸತ್ಯದ ಸಂಕಟ

ಈ ಪಾಠವನ್ನು ನಾನು ತಡವಾಗಿ ಕಲಿತೆ. ನಮ್ಮ ತಂದೆ ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು. ಒಂದು ಸಂಜೆ ತಾಯಿ, “ದೀಪ ಹಚ್ಚುವ ಹೊತ್ತಾಯಿತು, ನಿಮ್ಮಪ್ಪ ಇನ್ನೂ ಬರಲಿಲ್ಲವಲ್ಲೋ” ಎಂದರು. ಹರಿಶ್ಚಂದ್ರನ ಕಥೆ ಕೇಳಿ ಬೆಳೆದ ನನಗೆ, ಅದನ್ನೇ ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ನನಗೆ, ಉತ್ತರದ ಬಗ್ಗೆ ಅನುಮಾನವೇ ಇರಲಿಲ್ಲ. “ಅಮ್ಮ, ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು” ಎಂದೆ. ಅವರ ಮುಖ ಕಂಡು ನಾನು ಬೆಚ್ಚಿದೆ. ಅದು ಹಳೆಯ ದುಃಖವಾಗಿರಲಿಲ್ಲ. ಆಗ ತಾನೇ ಸುದ್ದಿ ಕೇಳಿದವರ ದುಃಖ. “ನನಗೇಕೆ ಯಾರೂ ಹೇಳಲಿಲ್ಲ?” ಎಂದು ಅತ್ತರು. ಅರ್ಧ ಗಂಟೆಯ ಮೇಲೆ ಅತ್ತದ್ದು ಮರೆತು, ಯಾಕೋ ಎದೆ ಭಾರವೆಂದು ಹೇಳುತ್ತ ಊಟ ಬಿಟ್ಟು ಮಲಗಿದರು. ಮರುದಿನ ಸಂಜೆ ಅದೇ ಪ್ರಶ್ನೆ. ನಾನೂ ಅದೇ ಉತ್ತರ ಕೊಟ್ಟೆ. ಹೀಗೆ ಒಂದು ವಾರದಲ್ಲಿ ನನ್ನ ತಾಯಿಯನ್ನು ನಾನು ನಾಲ್ಕು ಬಾರಿ ವಿಧವೆಯನ್ನಾಗಿ ಮಾಡಿದೆ.

ಐದನೆಯ ಸಂಜೆ ನನ್ನನ್ನು ತಡೆದವಳು ನನ್ನ ಹೆಂಡತಿ. ಆಕೆ ಅತ್ತೆಯ ಪಕ್ಕದಲ್ಲಿ ಕುಳಿತು, “ಮಾವನವರಿಗೆ ಸಂಜೆ ಬಂದ ಕೂಡಲೇ ಏನು ಕೊಡುತ್ತಿದ್ದಿರಿ ಅತ್ತೆ?” ಎಂದು ಕೇಳಿದಳು. ತಾಯಿಯ ಮುಖ ಅರಳಿತು. ಹುರಿಗಾಳು, ಅದಕ್ಕೆ ಒಂದು ಚೂರು ಬೆಲ್ಲ. ಕಾಫಿ ಆರಿದ್ದರೆ ಅವರಿಗೆ ಸೇರದು. ಛತ್ರಿಯನ್ನು ಎಲ್ಲಾದರೂ ಬಿಟ್ಟು ಬರುತ್ತಿದ್ದರು. ಹೀಗೆ ಮಾತು ಬೆಳೆದು ದೀಪ ಹಚ್ಚುವ ಹೊತ್ತು ಸುಖವಾಗಿ ಕಳೆಯಿತು. ಅಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ನಾನು ಪ್ರಶ್ನೆಯ ಮಾತಿಗೆ ಉತ್ತರ ಕೊಟ್ಟಿದ್ದೆ. ಆಕೆ ಪ್ರಶ್ನೆಯೊಳಗಿನ ಹಂಬಲಕ್ಕೆ ಉತ್ತರ ಕೊಟ್ಟಳು. ಸತ್ಯನಿಷ್ಠೆಯೆಂದು ನಾನು ತಿಳಿದಿದ್ದುದರಲ್ಲಿ ನನ್ನ ಮಾತೇ ಗೆಲ್ಲಬೇಕೆಂಬ ಮೇಷ್ಟರ ಹಟವೂ ಇತ್ತೆಂದು ಆ ದಿನ ನನಗೆ ತಿಳಿಯಿತು.

‘ಮನೆಗೆ ಹೋಗೋಣ’ ಎಂಬ ಹಟವೂ ಇಂಥದೇ. ಕತ್ತಲಾಗುತ್ತ ಬಂದಂತೆ ಇಂಥವರಿಗೆ ತಳಮಳ ಹೆಚ್ಚುವುದು ಸಾಮಾನ್ಯ. ಸ್ವಂತ ಮನೆಯಲ್ಲೇ ಕುಳಿತು ಮನೆಗೆ ಕರೆದುಕೊಂಡು ಹೋಗು ಎಂದು ಬೇಡುತ್ತಾರೆ. ‘ಇದೇ ನಿನ್ನ ಮನೆಯಲ್ಲವೆ?’ ಎಂದು ವಾದಿಸಿದರೆ ಫಲವಿಲ್ಲ. ಅವರು ಕೇಳುವ ಮನೆಗೆ ಬಾಗಿಲ ಸಂಖ್ಯೆಯಿಲ್ಲ. ಅದೊಂದು ಕಾಲ, ಒಂದು ನಿರ್ಭಯ. ದೀಪವನ್ನು ಸ್ವಲ್ಪ ಮುಂಚೆಯೇ ಹಚ್ಚಿ, ಕೈಹಿಡಿದು ಬೀದಿಯ ಕೊನೆಯವರೆಗೆ ಸುತ್ತಾಡಿಸಿ ತಂದರೆ, ಅದೇ ಬಾಗಿಲನ್ನು ‘ಬಂತು ನೋಡು ಮನೆ’ ಎಂದು ಅವರೇ ತೋರಿಸಿದ್ದುಂಟು.

ನಿತ್ಯದ ನಡವಳಿಕೆ

ನಾವು ಮಾಡುವ ಮೊದಲನೆಯ ತಪ್ಪು ಪರೀಕ್ಷೆ. ಬಂದವರೆಲ್ಲ ‘ನಾನು ಯಾರು ಹೇಳಿ ನೋಡೋಣ’ ಎಂದು ಕೇಳುತ್ತಾರೆ. ಉತ್ತರ ತಿಳಿಯದೆ ಆ ಮುಖದಲ್ಲಿ ಹಾಯುವ ಅವಮಾನವನ್ನು ಒಮ್ಮೆ ಕಂಡವರು ಮತ್ತೆ ಹಾಗೆ ಕೇಳಲಾರರು. ‘ಅಮ್ಮ, ನಾನು ನಿನ್ನ ಎರಡನೆಯ ಮಗ, ಶಾಲೆಯಿಂದ ಬಂದೆ’ ಎಂದು ನಾವೇ ಹೇಳಿಕೊಂಡರೆ ನಮಗೇನು ನಷ್ಟ? ಒಂದು ಸಲಕ್ಕೆ ಒಂದೇ ಮಾತು. ಎದುರಿಗೆ ನಿಂತು, ಕಣ್ಣು ನೋಡಿ. ‘ಏನು ಉಡುತ್ತೀರಿ?’ ಎಂಬುದಕ್ಕಿಂತ ಎರಡು ಸೀರೆ ಹಿಡಿದು ‘ಇದೋ, ಅದೋ?’ ಎಂಬುದು ಸುಲಭ. ಹತ್ತನೆಯ ಸಲ ಕೇಳಿದ ಪ್ರಶ್ನೆ ಅವರಿಗೆ ಮೊದಲನೆಯದೇ ಆದ್ದರಿಂದ ಉತ್ತರವೂ ಮೊದಲನೆಯ ಉತ್ತರದ ಹಾಗೆಯೇ ಇರಬೇಕು. ಇದು ಬರೆಯಲು ಸುಲಭ.

ಎರಡನೆಯ ತಪ್ಪು, ಪ್ರೀತಿಯ ಹೆಸರಿನಲ್ಲಿ ಕೈಯ ಕೆಲಸವನ್ನು ಕಸಿದುಕೊಳ್ಳುವುದು. ಹೆಸರನ್ನು ಹಿಡಿಯುವ ನೆನಪು ಬೇರೆ, ಕೈಕಸುಬನ್ನು ಹಿಡಿಯುವ ನೆನಪು ಬೇರೆ. ಎರಡನೆಯದು ಬಹುಕಾಲ ಬಾಳುತ್ತದೆ. ಮಕ್ಕಳ ಹೆಸರು ಹೋದ ಮೇಲೂ ನಮ್ಮ ತಾಯಿ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ದೇವರನಾಮದ ಮೊದಲ ಸಾಲನ್ನು ಯಾರಾದರೂ ಎತ್ತಿಕೊಟ್ಟರೆ ಕೊನೆಯವರೆಗೆ ಹಾಡುತ್ತಿದ್ದರು. ಕಟ್ಟಿದ ಮಾಲೆ ಸೊಟ್ಟಗಾದರೆ ದೇವರು ಬೇಡವೆನ್ನುವುದಿಲ್ಲ. ಬತ್ತಿ ಹೊಸೆಯುವುದು, ಬಟ್ಟೆ ಮಡಿಸುವುದು, ಕಾಳು ಆರಿಸುವುದು, ಇವು ಬರಿಯ ಕಾಲಹರಣವಲ್ಲ. ಈ ಮನೆಗೆ ನಾನು ಇನ್ನೂ ಬೇಕು ಎಂಬ ಅರಿವು ಅವುಗಳಿಂದ ಉಳಿಯುತ್ತದೆ.

ಮೂರನೆಯದು ನಮ್ಮ ಸಮಾಜದ ಒಂದು ಏರ್ಪಾಡು: ವಯಸ್ಸಾದ ತಂದೆತಾಯಿಯರನ್ನು ಸರದಿಯ ಮೇಲೆ ಇಟ್ಟುಕೊಳ್ಳುವುದು. ಆರು ತಿಂಗಳು ಬೆಂಗಳೂರಿನ ಮಗ, ಆರು ತಿಂಗಳು ಶಿವಮೊಗ್ಗದ ಮಗಳು. ಹಂಚಿಕೆಯ ದೃಷ್ಟಿಯಿಂದ ನ್ಯಾಯವೇ ಇರಬಹುದು. ಆದರೆ ಮರೆವು ಬಂದವರಿಗೆ ಗೋಡೆ, ಬಾಗಿಲು, ಬಚ್ಚಲಿಗೆ ಹೋಗುವ ಹಾದಿ ಇವೇ ಉಳಿದ ಜ್ಞಾಪಕ. ಮನೆ ಬದಲಾಯಿಸಿದರೆ ಆ ಊರುಗೋಲನ್ನೂ ಕಿತ್ತುಕೊಂಡಂತೆ. ಆದಷ್ಟು ಮಟ್ಟಿಗೆ ಅವರು ಒಂದೇ ಕಡೆ ಇದ್ದು, ಸರದಿ ಮಕ್ಕಳದಾಗಲಿ. ಅದೇ ಹಾಸಿಗೆ, ಅದೇ ಲೋಟ, ರಾತ್ರಿ ಬಚ್ಚಲ ದಾರಿಯಲ್ಲಿ ಒಂದು ದೀಪ, ಅಡುಗೆಮನೆಯ ಅನಿಲದ ಕೊಳವೆಗೆ ಬೀಗ, ಬೀದಿಬಾಗಿಲಿಗೆ ಒಂದು ಗಂಟೆ, ಇಷ್ಟು ಸಾಕು. ಸೆರಗಿನ ಅಂಚಿಗೋ ಅಂಗಿಯ ಒಳಮಡಿಕೆಗೋ ಹೆಸರು, ದೂರವಾಣಿ ಸಂಖ್ಯೆ ಹೊಲಿದಿರಬೇಕು. ಹೇಮಂತ್ ರಾವ್ ನಿರ್ದೇಶಿಸಿ, ಅನಂತ್ ನಾಗ್ ಈ ರೋಗದ ತಂದೆಯಾಗಿ ಅಭಿನಯಿಸಿದ ೨೦೧೬ರ ಕನ್ನಡ ಚಿತ್ರಕ್ಕೆ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಕಾಣೆಯಾದವರ ಪ್ರಕಟಣೆಯಲ್ಲಿ ಒಂದು ಇಡೀ ಬಾಳು ಆ ನಾಲ್ಕು ಪದಗಳಷ್ಟಾಗಿಬಿಡುತ್ತದೆ.

ಕಾಗದಪತ್ರಗಳ ಮಾತನ್ನೂ ಆಡಬೇಕು. ಸಂಕೋಚದಿಂದ ಮುಂದೂಡಿ ಕಷ್ಟಕ್ಕೆ ಸಿಕ್ಕಿದ ಮನೆಗಳು ಬಹಳ. ಮುಖ್ಯಾಧಿಕಾರಪತ್ರ ಮಾಡಿಸಿಟ್ಟರೆ ಕೊನೆಯವರೆಗೂ ನಡೆಯುತ್ತದೆಂದು ಎಷ್ಟೋ ಜನ ನಂಬಿದ್ದಾರೆ. ಹಾಗಲ್ಲ, ೧೮೭೨ರ ಕರಾರು ಕಾಯಿದೆಯ ೨೦೧ನೆಯ ಕಲಮಿನಂತೆ, ಅಧಿಕಾರ ಕೊಟ್ಟವರು ಬುದ್ಧಿಸ್ವಾಸ್ಥ್ಯ ಕಳೆದುಕೊಂಡರೆ ಆ ಅಧಿಕಾರವೂ ಮುಗಿಯಿತು. ಉಯಿಲಿಗೂ ಸ್ವಸ್ಥಬುದ್ಧಿ ಬೇಕು. ಆದ್ದರಿಂದ ಬ್ಯಾಂಕಿನ ಜಂಟಿ ಖಾತೆ, ನಾಮನಿರ್ದೇಶನ, ಉಯಿಲು ಇವೆಲ್ಲ ರೋಗದ ಆರಂಭದಲ್ಲಿಯೇ, ಅವರನ್ನೇ ಕೇಳಿ, ಅವರ ಇಷ್ಟದಂತೆ ಆಗಬೇಕು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯಂತೆ, ಮುಂದೆ ತನ್ನ ಚಿಕಿತ್ಸೆಯ ವಿಷಯದಲ್ಲಿ ಯಾರು ಮಾತನಾಡಬೇಕೆಂದು ಮೊದಲೇ ಬರೆದಿಡುವ ಹಕ್ಕೂ ಉಂಟು. ೨೦೦೭ರ ಹಿರಿಯ ನಾಗರಿಕರ ಕಾಯಿದೆ ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು, ತಾಳ್ಮೆಯನ್ನು ಕೊಡಿಸಲಾರದು. ಹಿರಿಯರ ಕಷ್ಟಗಳಿಗೆ ೧೪೫೬೭, ಮನಸ್ಸಿನ ಕಷ್ಟಗಳಿಗೆ ೧೪೪೧೬ ಎಂಬ ಸರ್ಕಾರದ ಸಹಾಯವಾಣಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರಾಜ್ಯಸರ್ಕಾರದೊಡನೆ ಕೂಡಿ ಮಿದುಳಿನ ಆರೋಗ್ಯದ ಯೋಜನೆಯೊಂದನ್ನು ೨೦೨೨ರಲ್ಲಿ ಆರಂಭಿಸಿತು.

ಹೊರುವವರು

ಇಷ್ಟನ್ನೆಲ್ಲ ‘ನಾವು’ ಎಂದು ಬರೆದೆ. ಅದು ಪೂರ್ತಿ ಪ್ರಾಮಾಣಿಕವಲ್ಲ. ನಾನು ಶಾಲೆಗೆ ಹೋಗಿ ಬರುತ್ತಿದ್ದೆ, ದುಃಖಪಡುತ್ತಿದ್ದೆ, ದಿನಚರಿಯಲ್ಲಿ ಅದನ್ನು ಚೆನ್ನಾಗಿ ಬರೆಯುತ್ತಿದ್ದೆ. ಹಾಸಿಗೆ ಒದ್ದೆಯಾದಾಗ ಎದ್ದವಳು, ಬಾಯಿಗೆ ತುತ್ತಿಟ್ಟವಳು, ಎಂಟು ವರ್ಷ ತವರಿನ ಒಂದು ಮದುವೆಗೂ ಹೋಗದೆ ಉಳಿದವಳು ನನ್ನ ಹೆಂಡತಿ. ಹೆಚ್ಚು ಮನೆಗಳಲ್ಲಿ ಈ ಭಾರವನ್ನು ಒಬ್ಬರೇ ಹೊರುತ್ತಾರೆ. ಸಾಮಾನ್ಯವಾಗಿ ಆ ಒಬ್ಬರು ಒಬ್ಬ ಹೆಂಗಸು. ಆಕೆಗೆ ಸಿಟ್ಟು ಬರುತ್ತದೆ. ಸಿಟ್ಟು ಬಂತಲ್ಲ ಎಂಬ ಪಶ್ಚಾತ್ತಾಪ ಅದಕ್ಕಿಂತ ಹೆಚ್ಚು ಬಾಧಿಸುತ್ತದೆ. ಅಂಥವರಿಗೆ ಹೊಗಳಿಕೆ ಬೇಡ. ವಾರದಲ್ಲಿ ಒಂದು ದಿನ ಬಿಡುವು ಬೇಕು, ರಾತ್ರಿ ನಿದ್ದೆ ಬೇಕು. ನೋಡಲು ಬಂದ ನೆಂಟರು ಬುದ್ಧಿ ಹೇಳುವ ಬದಲು ‘ನೀನು ಹೋಗಿ ಬಾ, ಸಂಜೆಯವರೆಗೆ ನಾನಿರುತ್ತೇನೆ’ ಎಂದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಈ ಸೇವೆಗೆ ಸಿಗುವ ಪ್ರತಿಫಲ ಕೆಲವೊಮ್ಮೆ ಕಳ್ಳತನದ ಆರೋಪ. ನಮ್ಮ ತಾಯಿ ತಮ್ಮ ಬಳೆಗಳನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿಯ ಡಬ್ಬದಲ್ಲಿ ತಾವೇ ಹೂತಿಟ್ಟು, ಮರೆತು, ಸೊಸೆ ಕದ್ದಳೆಂದು ಬಂದವರೆದುರು ಹೇಳಿದರು. ನೆಂಟರಲ್ಲಿ ಒಬ್ಬಿಬ್ಬರು ನಂಬಿದರು ಕೂಡ. ಇಟ್ಟದ್ದನ್ನು ಮರೆತವರಿಗೆ, ವಸ್ತು ಕಾಣದಿದ್ದರೆ ಯಾರೋ ತೆಗೆದರೆಂಬುದೇ ನ್ಯಾಯವಾದ ಊಹೆ. ಅದು ರೋಗದ ತರ್ಕ, ಮನಸ್ಸಿನ ಕೆಡುಕಲ್ಲ. ಇದು ತಿಳಿಯದೆ ಒಡೆದುಹೋದ ಸಂಸಾರಗಳುಂಟು. ನನ್ನ ಹೆಂಡತಿ ಆ ರಾತ್ರಿ ಅಡುಗೆಮನೆಯಲ್ಲಿ ಕುಳಿತು ಅತ್ತಳು. ಬೆಳಿಗ್ಗೆ ಎದ್ದು, “ಬನ್ನಿ ಅತ್ತೆ, ಇಬ್ಬರೂ ಸೇರಿ ಹುಡುಕೋಣ” ಎಂದಳು.

ಕೊನೆಯ ವರ್ಷ ತಾಯಿಗೆ ನಮ್ಮ ಯಾರ ಹೆಸರೂ ಇರಲಿಲ್ಲ. ನನಗೆ ‘ನೀವು’ ಖಾಯಂ ಆಯಿತು. ಅದಕ್ಕೆ ನಾನು ಒಗ್ಗಿಕೊಂಡೆ. ಒಂದು ಮಧ್ಯಾಹ್ನ ಅವರು ಮಂಚದ ಮೇಲೆ ಕುಳಿತು ಅಡುಗೆಮನೆಯ ಕಡೆಗೆ ಮುಖಮಾಡಿ, “ಅಮ್ಮಾ, ಹಸಿವು” ಎಂದರು. ಮದುವೆಯಾದಂದಿನಿಂದ ಅತ್ತೆಗೆ ‘ನೀವು’ ಎಂದಲ್ಲದೆ ಬೇರೆ ಮಾತು ಆಡಿರದ ನನ್ನ ಹೆಂಡತಿ ಒಳಗಿನಿಂದಲೇ ಕೂಗಿ ಹೇಳಿದಳು: “ಇಗೋ ಬಂದೆ, ಒಂದು ಚೂರು ತಾಳು.”